ಗುಣವಾದವರ ಪಟ್ಟಿ

ಸ್ಕ್ಯಾನ್ ಮಾಡಿದವರು ನಾವಲ್ಲ. ಅದೊಂದು ಅನುಕೂಲವೇ ಆಯಿತು. ನಾವೇ ಮಾಡಿದ್ದರೆ ಬೈಯಲು ಯಾರೂ ಸಿಗುತ್ತಿರಲಿಲ್ಲ. ಯಾರೋ ಪುಣ್ಯಾತ್ಮರು ಪಿನ್ನು ಕೂಡ ತೆಗೆಯದೆ, ಮಡಚಿದ ಹಾಳೆಗಳನ್ನು ಮಡಚಿದ ಹಾಗೆಯೇ ಯಂತ್ರಕ್ಕೆ ತುರುಕಿದ್ದರು. ಕೆಲವು ಪುಟ ತಲೆಕೆಳಗು, ಕೆಲವು ವಾರೆ, ಕೆಲವುಗಳ ಮೇಲೆ ಯಾರದೋ ಹೆಬ್ಬೆರಳು. ಒಂದು ಹಾಳೆಗೆ ಅಂಟಿಕೊಂಡಿದ್ದ ಮಾತ್ರೆಯ ಖಾಲಿ ಪಟ್ಟಿ ಬಹಳ ಚೆನ್ನಾಗಿ ಮೂಡಿತ್ತು. ಅದರ ಕೆಳಗಿದ್ದ ಬರಹ ಮಾತ್ರ ಮೂಡಿರಲಿಲ್ಲ.

ಫೈಲುಗಳು ಶಿಡ್ಲಘಟ್ಟದ ಒಂದು ಧರ್ಮಾಸ್ಪತ್ರೆಯವು. ಅಲ್ಲಿ ವಾರಕ್ಕೊಂದು ದಿನ ಎದೆರೋಗದ ಕ್ಲಿನಿಕ್ ನಡೆಯುತ್ತಿತ್ತು. ಬರುವವರಲ್ಲಿ ಹೆಚ್ಚಿನವರು ಫಿಲೇಚರ್‌ಗಳಲ್ಲಿ ರೇಷ್ಮೆ ಗೂಡು ಬೇಯಿಸಿ ನೂಲು ಬಿಚ್ಚುವ ಹೆಂಗಸರು. ಕುದಿಯುವ ನೀರಿನ ಹಬೆ, ಒಲೆಯ ಹೊಗೆ, ಬೆಂದ ಹುಳದ ವಾಸನೆ, ಇವುಗಳ ನಡುವೆ ವರ್ಷಗಟ್ಟಲೆ ಕೂತರೆ ಎದೆ ಬಿಗಿಯುತ್ತದೆ, ಕೆಮ್ಮು ಹಿಡಿಯುತ್ತದೆ, ಕೊನೆಗೆ ನಾಲ್ಕು ಮೆಟ್ಟಿಲು ಹತ್ತಿದರೂ ಕೂರಬೇಕಾಗುತ್ತದೆ. ಊರಿನವರು ಅದನ್ನು ದಮ್ಮು ಅನ್ನುತ್ತಾರೆ. ಡಾಕ್ಟರು ಅದನ್ನು ಅಸ್ತಮಾದ ದಾಯಾದಿ ಅನ್ನುತ್ತಿದ್ದರು.

ಈ ಡಾಕ್ಟರು ಚಿಕ್ಕಬಳ್ಳಾಪುರದ ನಮ್ಮ ಪುಟ್ಟ ಆಫೀಸಿಗೆ ತಾವೇ ಬಂದರು. ಅರವತ್ತು ದಾಟಿದವರು, ಮಾತಿನಲ್ಲಿ ಸಲಿಗೆ, ಅಂಗಿಯ ಜೇಬಿನಲ್ಲಿ ಯಾವಾಗಲೂ ಒಂದು ಪೆನ್ನಿನ ಬದಲು ಮೂರು ಪೆನ್ನು. ಹಳೆಯ ಕಾಗದದಿಂದ ಮಾಹಿತಿ ಹೆಕ್ಕುವ ತಂತ್ರಾಂಶ ಬರೆಯುವುದು ನನ್ನ ಕೆಲಸವೆಂದು ಯಾರೋ ಅವರಿಗೆ ಹೇಳಿದ್ದರು.

"ವರ್ಷಾನುಗಟ್ಲೆ ಫೈಲಿದೆ ಕಣಮ್ಮ," ಎಂದರು. "ಔಷಧಿ ಕೊಟ್ಟು ಕೊಟ್ಟು ಯಾರಿಗಾದ್ರೂ ಒಳ್ಳೇದಾಯ್ತಾ ಅಂತ ಕೇಳ್ತಾರೆ ಟ್ರಸ್ಟಿನೋರು. ಆಗಿದೆ ಅಂತ ನಂಗೆ ಗೊತ್ತು. ಬಾಯಲ್ಲಿ ಹೇಳಿದ್ರೆ ಒಪ್ಪಲ್ಲ, ನಂಬರಲ್ಲಿ ಹೇಳ್ಬೇಕಂತೆ. ಹೇಳ್ಲಿಲ್ಲ ಅಂದ್ರೆ ಕ್ಲಿನಿಕ್ ಮುಚ್ತಾರೆ."

ಅವರಿಗೆ ಬೇಕಾಗಿದ್ದ ಮುಖ್ಯ ವಿಷಯ ಒಂದೇ. ಪ್ರತಿ ಭೇಟಿಯಲ್ಲೂ ರೋಗಿಯ ಕೈಗೆ ಒಂದು ಕೊಳವೆ ಕೊಟ್ಟು ಜೋರಾಗಿ ಊದಿಸುತ್ತಾರೆ. ಮುಳ್ಳು ಎಲ್ಲಿಗೆ ಹೋಗಿ ನಿಲ್ಲುತ್ತದೋ ಆ ಅಂಕಿಯನ್ನು ಹಾಳೆಯಲ್ಲಿ ಬರೆಯುತ್ತಾರೆ. ಎದೆ ಗಟ್ಟಿ ಇದ್ದಷ್ಟೂ ಅಂಕಿ ದೊಡ್ಡದು. ಪ್ರತಿಯೊಬ್ಬರ ಅಂಕಿ ವರ್ಷದಿಂದ ವರ್ಷಕ್ಕೆ ಏರಿತೋ ಇಳಿಯಿತೋ ಎಂಬುದನ್ನು ಆ ಸಾವಿರಾರು ಪುಟಗಳಿಂದ ನಾವು ಹೆಕ್ಕಿ ಕೊಡಬೇಕಿತ್ತು.

ಮೊದಲ ತಿಂಗಳು ಪುಟಗಳನ್ನು ನೇರ ಮಾಡುವುದರಲ್ಲೇ ಹೋಯಿತು. ಆಮೇಲೆ ನಮೂನೆಯ ಕಾಟ. ಆಸ್ಪತ್ರೆಯ ಹಾಳೆ ಒಂದೇ ಥರ ಇರುತ್ತದೆ ಅಂದುಕೊಂಡಿದ್ದೆವು. ಪ್ರತಿ ಸಲ ಬೇರೆ ಬೇರೆ ಪ್ರೆಸ್ಸಿನಲ್ಲಿ ಅಚ್ಚು ಹಾಕಿಸಿದ್ದರು, ಪ್ರತಿ ಪ್ರೆಸ್ಸಿನವನೂ ತನ್ನ ಕೈಚಳಕ ತೋರಿಸಿದ್ದ. ಒಂದರಲ್ಲಿ ತೂಕ ಬರೆಯುವ ಚೌಕ ಇದ್ದ ಕಡೆ ಇನ್ನೊಂದರಲ್ಲಿ ಊದಿದ ಅಂಕಿಯ ಚೌಕ. ತಂತ್ರಾಂಶ ಏನೂ ಅನುಮಾನವಿಲ್ಲದೆ ಹೆಂಗಸರ ತೂಕ ಮುನ್ನೂರು ಕೆ.ಜಿ. ಎಂದು ಓದಿ ಕೂತಿತು.

"ಶಿಡ್ಲಘಟ್ಟದಲ್ಲಿ ಆನೆಗಳೂ ನೂಲು ಬಿಚ್ತವೇನೇ?" ಎಂದಳು ನನ್ನ ಸಹೋದ್ಯೋಗಿ. ಅವಳು ಗೌರಿಬಿದನೂರಿನಿಂದ ದಿನಾ ಬಸ್ಸಿನಲ್ಲಿ ಬರುವವಳು. ನನ್ನ ಓರಗೆಯವಳು, ನಾಲಿಗೆ ಸ್ವಲ್ಪ ಚುರುಕು. ನಾನು ಚಿಂತಾಮಣಿಯಿಂದ ಬರುವವಳು, ನನ್ನದೂ ಕಡಿಮೆಯಲ್ಲ. ಇಬ್ಬರೇ ಕೂತು ಮಾಡಿದ ಕೆಲಸ ಅದು.

ಒಂದೊಂದು ಪ್ರೆಸ್ಸಿನ ಹಾಳೆಗೂ ಒಂದೊಂದು ಅಚ್ಚನ್ನು ತಂತ್ರಾಂಶಕ್ಕೆ ಕಲಿಸಿದೆವು. ಪುಟ ಬಂದರೆ ಮೊದಲು ಅದು ಯಾವ ಅಚ್ಚು ಎಂದು ಗುರುತಿಸಬೇಕು, ಆಮೇಲೆ ಚೌಕಗಳನ್ನು ಕತ್ತರಿಸಿ ತೆಗೆಯಬೇಕು, ಆಮೇಲೆ ಒಳಗಿನ ಕೈಬರಹದ ಅಂಕಿಯನ್ನು ಓದಬೇಕು. ಓದಿದ್ದರ ಮೇಲೆ ತನಗೆ ಎಷ್ಟು ಭರವಸೆ ಇದೆ ಎಂದೂ ಅದು ಹೇಳಬೇಕು. ಭರವಸೆ ಕಡಿಮೆ ಇದ್ದದ್ದು ನಮ್ಮ ಕಣ್ಣಿಗೆ ಬರುತ್ತಿತ್ತು. ಹಿಂದೆ ಅಲ್ಲಿದ್ದ ಒಬ್ಬ ನರ್ಸ್ ಒಂದಕ್ಕೆ ಟೋಪಿ ಹಾಕಿ ಏಳರ ಹಾಗೆ ಬರೆಯುತ್ತಿದ್ದರು. ಅವರ ಕಾಲದ ಪುಟಗಳನ್ನೆಲ್ಲ ನಾವೇ ನೋಡಬೇಕಾಯಿತು. ಆಸ್ಪತ್ರೆಯ ಬೇರೆ ಪರೀಕ್ಷಾ ಯಂತ್ರಗಳಿಂದ ಬಂದ ನುಣುಪು ಕಾಗದದ ಪ್ರಿಂಟುಗಳಂತೂ ಮಾಸಿ ಬಿಳಿ ಹಾಳೆಯಾಗಿದ್ದವು. ಅವುಗಳ ಆಸೆ ಬಿಟ್ಟೆವು.

ಯಾವ ಪುಟ ಯಾರದು ಎಂಬುದಕ್ಕೆ ಫೈಲ್ ನಂಬರನ್ನೇ ನಂಬಿದೆವು. ಒಂದು ನಂಬರ್ ಎಂದರೆ ಒಬ್ಬ ವ್ಯಕ್ತಿ. ಡಾಕ್ಟರನ್ನು ಕೇಳಿದಾಗ, "ಮತ್ತಿನ್ನೇನಮ್ಮ?" ಎಂದಿದ್ದರು. ಇನ್ನೊಂದು ನಿಯಮ ಎತ್ತರದ್ದು. ದೊಡ್ಡವರ ಎತ್ತರ ಬದಲಾಗುವುದಿಲ್ಲವಲ್ಲ. ಒಂದೇ ಫೈಲಿನಲ್ಲಿ ಬೇರೆ ಬೇರೆ ಎತ್ತರ ಓದಿದರೆ ಅದು ಓದುವುದರಲ್ಲಾದ ತಪ್ಪು ಎಂದು ತಿಳಿದು, ಹೆಚ್ಚು ಸಲ ಬಂದ ಅಂಕಿಯನ್ನೇ ಎಲ್ಲ ಪುಟಕ್ಕೂ ಹಾಕುವಂತೆ ಬರೆದೆವು. ಅಷ್ಟು ಅಚ್ಚುಕಟ್ಟಾದ ನಿಯಮ ಅದಕ್ಕೂ ಮೊದಲು ನಾನು ಬರೆದಿರಲಿಲ್ಲ.

ಎಲ್ಲ ಮುಗಿದು ಗೆರೆಗಳು ಪರದೆಯ ಮೇಲೆ ಬಂದ ದಿನ ಡಾಕ್ಟರು ನಮ್ಮ ಆಫೀಸಿನಲ್ಲೇ ಇದ್ದರು. ಬಹಳ ಜನರ ಅಂಕಿ ವರ್ಷಗಳ ಕಾಲ ಇಳಿದು, ನೆಲ ಕಚ್ಚಿ, ಆಮೇಲೆ ಚಂಗನೆ ಮೇಲೆ ಹಾರಿತ್ತು. ಕ್ಲಿನಿಕ್ಕಿಗೆ ಬರುತ್ತಾ ಇದ್ದವರು ಚೇತರಿಸಿಕೊಂಡಿದ್ದರು. ಡಾಕ್ಟರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಎಲ್ರ ಕೈಲೂ ಬೈಸ್ಕೊಂಡು ನಡೆಸ್ದೆ ಕಣಮ್ಮ ಈ ಕ್ಲಿನಿಕ್ನ. ಹೆಂಡ್ತಿ ಕೈಲೂ ಬೈಸ್ಕೊಂಡಿದೀನಿ. ಇದನ್ನೊಂದು ಪ್ರಿಂಟ್ ಹಾಕ್ಕೊಡು, ಫ್ರೇಮ್ ಹಾಕಿಸ್ತೀನಿ."

ಟ್ರಸ್ಟಿನ ಸಭೆಗೆ ವರದಿ ಸಿದ್ಧವಾಯಿತು. ಅದರ ಜೊತೆಗೆ ಡಾಕ್ಟರು ಇನ್ನೊಂದು ಕೇಳಿದರು. ಇನ್‌ಹೇಲರುಗಳು ಎಂದೂ ಎಲ್ಲರಿಗೂ ಸಾಲುತ್ತಿರಲಿಲ್ಲ. ಯಾರಿಗೆ ಮೊದಲು ಕೊಡಬೇಕು ಎಂದು ನಮ್ಮ ತಂತ್ರಾಂಶವೇ ಹೇಳಿದರೆ ಒಳ್ಳೆಯದಲ್ಲವೇ? ಹಾಗಾಗಿ ಇನ್ನು ಮುಂದೆ ಬರುವವರ ವಿವರವನ್ನೂ ನರ್ಸ್ ನೇರವಾಗಿ ಅದರಲ್ಲೇ ತುಂಬುವಂತೆ ಮಾಡಿ, ಅಂಕಿ ತೀರಾ ಇಳಿದಿದ್ದ ಹಳೆಯ ದಿನಗಳಿಗಿಂತ ಬಹಳ ಮೇಲಿರುವವರನ್ನು ಹಸಿರು ಬಣ್ಣದಲ್ಲಿ ತೋರಿಸಿದೆವು. ಅವರು ಆರು ತಿಂಗಳಿಗೊಮ್ಮೆ ಬಂದರೆ ಸಾಕು, ಅವರ ಇನ್‌ಹೇಲರ್ ಬೇರೆಯವರಿಗೆ. ಕ್ಲಿನಿಕ್ಕಿನ ಬಾಗಿಲ ಪಕ್ಕ ಆ ಫೈಲ್ ನಂಬರುಗಳ ಹಾಳೆ ಅಂಟಿಸಿದರು. ಈಗಿನ ನರ್ಸ್ ಅದಕ್ಕೆ ಗುಣವಾದವರ ಪಟ್ಟಿ ಎಂದು ಹೆಸರಿಟ್ಟರು. ನಮಗೂ ಹೆಮ್ಮೆಯಾಯಿತು.

ಕೆಲವು ತಿಂಗಳ ನಂತರ, ಬಾಕಿ ಉಳಿದಿದ್ದ ಚಿಲ್ಲರೆ ಚೌಕಗಳನ್ನು ನೋಡುತ್ತಾ ಕೂತಿದ್ದ ಸಹೋದ್ಯೋಗಿ ಇದ್ದಕ್ಕಿದ್ದಂತೆ ನಕ್ಕಳು.

"ಬಾರೇ ಇಲ್ಲಿ. ನಿಮ್ ಡಾಕ್ಟ್ರು ಏನ್ ಔಷಧಿ ಕೊಡ್ತಾರೋ ನಂಗೂ ಒಂದ್ ಸೀಸೆ ಕೊಡ್ಸು. ಈ ಯಮ್ಮಂಗೆ ಮುಟ್ಟು ನಿಂತು ವರ್ಷಗಳೇ ಆಗಿದೆ ಅಂತ ಬರ್ದವ್ರೆ. ಆಮೇಲಿನ್ ಪುಟದಲ್ಲಿ ನೋಡಿದ್ರೆ ಅದ್ರ ಹಿಂದಿನ ತಿಂಗಳ ತಾರೀಖು ಹಾಕವ್ರೆ!"

ಎಕ್ಸ್‌ರೇ ತೆಗೆಯುವ ಮುಂಚೆ ಹೆಂಗಸರನ್ನು ಕೊನೆಯ ಮುಟ್ಟಿನ ದಿನ ಕೇಳಿ ಬರೆಯುವುದು ಪದ್ಧತಿ. ನಾನೂ ನಕ್ಕೆ. ಪಕ್ಕದ ಚೌಕದಿಂದ ಯಾವುದೋ ತಾರೀಖು ಜಾರಿ ಬಂದಿರಬೇಕು ಎಂದುಕೊಂಡು ಮೂಲ ಪುಟ ತೆಗೆದೆ. ಜಾರಿರಲಿಲ್ಲ. ಕೈಬರಹ ಕನ್ನಡಿಯ ಹಾಗೆ ಸ್ಪಷ್ಟವಾಗಿತ್ತು. ಫೈಲಿನಲ್ಲಿದ್ದ ವಯಸ್ಸು ಐವತ್ತು ದಾಟಿತ್ತು.

"ಎತ್ತರ ತೆಗಿ," ಎಂದೆ. "ನಾವ್ ಸರಿ ಮಾಡಿದ್ದಲ್ಲ, ಮೊದ್ಲು ಓದಿದ್ದು."

ಅವಳು ತೆಗೆದಳು. ಹಳೆಯ ಪುಟಗಳಲ್ಲೆಲ್ಲ ಒಂದು ಎತ್ತರ. ಒಂದು ದಿನದಿಂದ ಈಚೆಗೆ ಎಲ್ಲ ಪುಟದಲ್ಲೂ ಅದಕ್ಕಿಂತ ನಾಲ್ಕು ಬೆರಳು ಹೆಚ್ಚು. ಅಂಕಿ ಚಂಗನೆ ಮೇಲೆ ಹಾರಿದ್ದೂ ಅದೇ ದಿನ. ತಂತ್ರಾಂಶ ಎರಡನ್ನೂ ಸರಿಯಾಗಿಯೇ ಓದಿತ್ತು. ನಮ್ಮ ನಿಯಮ ಎರಡನೆಯದನ್ನು ಅಳಿಸಿತ್ತು.

ಅವಳು ನಗುವುದನ್ನು ನಿಲ್ಲಿಸಿದಳು. ಪಟ್ಟಿಯಲ್ಲಿದ್ದ ಉಳಿದ ಫೈಲುಗಳ ಮೂಲ ಎತ್ತರವನ್ನೂ ತೆಗೆದೆವು. ಒಂದಾದ ಮೇಲೊಂದು ಹಾಗೆಯೇ ಬಂದವು. ಅಂಕಿ ಹಾರಿದ ದಿನ ಎತ್ತರವೂ ಬದಲಾಗಿತ್ತು, ಅಥವಾ ತೂಕ, ಅಥವಾ ಎರಡೂ. ಪಟ್ಟಿಯ ಬಹುಪಾಲು ಜನ ಗುಣವಾಗಿರಲಿಲ್ಲ. ಅವರು ಬರುವುದು ನಿಲ್ಲಿಸಿದ್ದರು, ಅವರ ಫೈಲು ಹಿಡಿದು ಬೇರೆ ಯಾರೋ ಬಂದಿದ್ದರು. ನಾನು ಎದ್ದು ಹೊರಗೆ ಹೋದೆ.

ಮುಂದಿನ ಕ್ಲಿನಿಕ್ಕಿನ ದಿನ ಆಫೀಸಿಗೆ ಹೋಗುವ ದಾರಿಯಲ್ಲಿ ಶಿಡ್ಲಘಟ್ಟದಲ್ಲೇ ಬಸ್ಸಿನಿಂದ ಇಳಿದೆ. ಒಂದೇ ಫೈಲಿನಲ್ಲಿ ಇಬ್ಬರು ಹೇಗೆ ಎಂದು ಕೇಳಿದರೆ ನರ್ಸ್ ಆಶ್ಚರ್ಯಪಡಲೂ ಇಲ್ಲ.

"ಫೈಲು ಮನೇದಲ್ವಾ ಮೇಡಂ? ಹೊಸ ಫೈಲ್ ಮಾಡ್ಸಕ್ಕೆ ಆ ಕಡೆ ಕೌಂಟರ್ನಲ್ಲಿ ನಿಲ್ಬೇಕು, ಮಧ್ಯಾಹ್ನ ಆಗುತ್ತೆ, ಅರ್ಧ ದಿನದ ಕೂಲಿ ಹೋಗುತ್ತೆ. ಹಳೇ ಫೈಲ್ ಇದ್ರೆ ಸೀದಾ ಇಲ್ಲಿಗೇ ಬರ್ಬೋದು. ಅತ್ತೇದು ಸೊಸೆ ತರ್ತಾಳೆ, ಅಕ್ಕಂದು ತಂಗಿ ತರ್ತಾಳೆ. ನಾನ್ ಬಂದಾಗಿಂದ್ಲೂ ಹಂಗೇ. ನೀವೂ ಯಾರೂ ಕೇಳ್ಲಿಲ್ಲ."

ನಿಜ, ಯಾರೂ ಕೇಳಿರಲಿಲ್ಲ. ಊದಿಸುವುದು ನರ್ಸ್, ಪರೀಕ್ಷೆ ಮಾಡುವುದು ಕೆಲವು ತಿಂಗಳಿಗೊಮ್ಮೆ ಬದಲಾಗುವ ಹುಡುಗ ಡಾಕ್ಟರುಗಳು. ನಮ್ಮ ಹಿರಿಯ ಡಾಕ್ಟರು ಕೊನೆಯಲ್ಲಿ ಕೂತು, ಕಿಕ್ಕಿರಿದ ಜನರ ನಡುವೆ ಔಷಧಿಗೆ ಸಹಿ ಹಾಕುತ್ತಿದ್ದರು. ಅವರ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಅವರು ಬಹಳ ಹೊತ್ತು ಮೇಜಿನ ಮೇಲಿನ ಪೆನ್ನುಗಳನ್ನು ಜೋಡಿಸಿದರು.

"ಹಂಗಾದ್ರೆ ಆ ಹಳಬ್ರೆಲ್ಲ?" ಎಂದರು. ಅವರವರ ಕೊನೆಯ ಅಂಕಿಗಳನ್ನು ಬರೆದುಕೊಂಡಿದ್ದ ಹಾಳೆಯನ್ನು ಅವರ ಮುಂದೆ ಸರಿಸಿದೆ. ಅವರಿಗೆ ಗೊತ್ತಾಯಿತು.

"ಸಭೆ ಇನ್ನೂ ಆಗಿಲ್ಲ," ಎಂದರು ಆಮೇಲೆ. "ನೀನು ಹೇಳ್ದೆ ಇದ್ರೆ ಇದು ಯಾರಿಗೂ ಗೊತ್ತಾಗಲ್ಲ, ಅಲ್ವೇನಮ್ಮ?"

"ಗೊತ್ತಾಗಲ್ಲ ಸರ್."

"ವರದಿ ವಾಪಸ್ ತಗೋತೀನಿ. ನೀನು ಮೊದ್ಲು ಆ ಪಟ್ಟಿ ಕಿತ್ ಹಾಕು."

ಪಟ್ಟಿ ಕಿತ್ತು ಹಾಕುವುದು ಸುಲಭ, ಬಾಗಿಲ ಪಕ್ಕಕ್ಕೆ ಹೋಗಿ ಕೈಯಾರೆ ಹರಿದೆ. ಆದರೆ ಆ ಪಟ್ಟಿಯ ದೆಸೆಯಿಂದ ಇನ್‌ಹೇಲರ್ ನಿಂತುಹೋದವರು ಯಾರು? ಅವರು ಹಳಬರಲ್ಲ, ಹಳಬರು ಹೋಗಿಯಾಗಿತ್ತು. ಅವರ ಫೈಲು ಹಿಡಿದು ಬಂದ ಎಳೆಯರು. ಆರೋಗ್ಯವಂತ ಎದೆಯಿಂದ ಶುರುವಾಗಿ ಈಗ ಇಳಿಯುತ್ತಿದ್ದರೂ, ಸತ್ತವರ ಕೊನೆಯ ಅಂಕಿಗೆ ಹೋಲಿಸಿದರೆ ಅವರು ಬಹಳ ಮೇಲಿದ್ದರು. ಹಾಗಾಗಿ ನಮ್ಮ ಪರದೆಯಲ್ಲಿ ಅವರಿಗೆಲ್ಲ ಹಸಿರು. ಅವರನ್ನು ಹುಡುಕಿ ಕರೆತರಬೇಕಿತ್ತು.

ಮೊದಲು ಹುಡುಕಿದ್ದು ಆ ಮುಟ್ಟಿನ ತಾರೀಖಿನವಳನ್ನು. ಆ ನಂಬರಿನಲ್ಲಿ ಪಟ್ಟಿ ಅಂಟಿಸಿದ ಮೇಲೆ ಯಾರೂ ಬಂದಿರಲಿಲ್ಲ. ನರ್ಸ್ ಜೊತೆಗೆ ಬಂದರು. ವಿಳಾಸ ಹಿಡಿದು ಹೋದರೆ ಮನೆಗೆ ಬೀಗ, ಪಕ್ಕದವರು ಹಿಂದಿನ ಬೀದಿಯ ಫಿಲೇಚರ್ ತೋರಿಸಿದರು. ಒಳಗೆ ಹಬೆ ತುಂಬಿ ಯಾರ ಮುಖವೂ ಕಾಣುತ್ತಿರಲಿಲ್ಲ. ಬೇಸಿನ್ನುಗಳ ಮುಂದೆ ಸಾಲಾಗಿ ಕೂತು ಬಿಸಿನೀರಿನಿಂದ ಎಳೆ ಎತ್ತುತ್ತಿದ್ದ ಹೆಂಗಸರ ನಡುವೆ ಎತ್ತರದ ಹುಡುಗಿಯೊಬ್ಬಳು ಬಾಯಿಗೆ ಭುಜ ಒತ್ತಿಕೊಂಡು ಕೆಮ್ಮುತ್ತಿದ್ದಳು. ಕೈ ಮಾತ್ರ ನೀರಿನಿಂದ ಹೊರಗೆ ಬರಲಿಲ್ಲ.

ಮಾಲೀಕರನ್ನು ಕೇಳಿ ಅವಳನ್ನು ಹೊರಗೆ ಕರೆದೆವು. ಇಪ್ಪತ್ತರ ಮೇಲೆ ಒಂದೆರಡು ವರ್ಷ ಇರಬಹುದು. ಬೆರಳ ತುದಿಗಳು ನೆನೆದು ಬೆಳ್ಳಗೆ ಸುಕ್ಕಾಗಿದ್ದವು. ಬೈಯಲು ಬಂದಿದ್ದೇವೆ ಎಂದುಕೊಂಡಿದ್ದಳು.

"ಫೈಲ್ ವಾಪಸ್ ಕೊಟ್ಬಿಡ್ತೀನಿ ಅಕ್ಕಾ. ಅಮ್ಮ ಹೋದ್ಮೇಲೆ ಮನೇಲೇ ಇತ್ತು. ನಂಗೂ ಕೆಮ್ಮು ಶುರುವಾಯ್ತು, ಎತ್ಕೊಂಡ್ ಹೋದೆ. ಅವ್ರು ಅಮ್ಮನ ಹೆಸ್ರು ಕೂಗ್ತಾರೆ, ನಾನ್ ಎದ್ದೋಗ್ತೀನಿ. ಅಷ್ಟೇ."

"ಮತ್ತೆ ಯಾಕಮ್ಮ ಬರೋದ್ ಬಿಟ್ಟೆ?"

"ಅಮ್ಮನ ನಂಬರ್ ವಾಸಿಯಾದೋರ ಪಟ್ಟೀಲಿತ್ತಲ್ಲ." ಅವಳು ನಗಲು ನೋಡಿ ಕೆಮ್ಮಿದಳು. "ನಂಗೆ ನಗು ಬಂತು. ಅಳೂನೂ ಬಂತು. ಆದ್ರೆ ದೊಡ್ಡೋರು ಹಾಕಿರೋದು, ಸರಿ ಇರ್ಬೋದು, ನಂಗೂ ವಾಸಿ ಆಗಿರ್ಬೋದು ಅಂದ್ಕೊಂಡೆ."

ನರ್ಸ್ ಅವಳ ಬೆನ್ನು ಸವರಿ, ನಾಳೆಯೇ ಬಂದು ನಿನ್ನ ಹೆಸರಲ್ಲಿ ಹೊಸ ಫೈಲ್ ಮಾಡಿಸಿಕೊ, ಸಾಲಿನಲ್ಲಿ ನಿಲ್ಲದ ಹಾಗೆ ನಾನು ನೋಡಿಕೊಳ್ಳುತ್ತೇನೆ ಎಂದರು. ಹುಡುಗಿ ಎರಡು ಹೆಜ್ಜೆ ಹಿಂದಕ್ಕೆ ಸರಿದಳು.

"ವದ್ದು ಅಕ್ಕಾ, ಬೇಡ. ನನ್ ಹೆಸ್ರಲ್ಲಿ ಬೇಡ. ಅಮ್ಮಂಗೆ ದಮ್ಮು ಅಂತ ಇಡೀ ಬೀದಿಗೆ ಗೊತ್ತು. ನಂಗೂ ಐತೆ ಅಂದ್ರೆ ಯಾರ್ ಮಾಡ್ಕೊಂತಾರೆ? ಅಂಬಾಜಿದುರ್ಗದ ಕಡೆಯೋರು ಬಂದು ನೋಡ್ಕೊಂಡ್ ಹೋಗವ್ರೆ. ಆಸ್ಪತ್ರೇಲಿ ಹೆಸ್ರು ಕೂಗಿದ್ರೆ ಸಾಕು, ಸಾಯಂಕಾಲಕ್ಕೆ ಅವ್ರ ಮನೇಗ್ ಹೋಗಿರ್ತದೆ. ಇಲ್ಲಿ ಯಾರ್ಗೆ ಯಾರು ನೆಂಟ್ರಲ್ಲ? ಅಮ್ಮನ ಹೆಸ್ರಲ್ಲೇ ಕೊಡ್ತೀರಾ ಅಂದ್ರೆ ಬರ್ತೀನಿ. ಇಲ್ಲಾಂದ್ರೆ ಬರಲ್ಲ."

ಅರ್ಧ ದಿನದ ಕೂಲಿಗಾಗಿ ಹಳೆಯ ಫೈಲು ತರುತ್ತಾರೆ ಎಂದು ನರ್ಸ್ ಹೇಳಿದ್ದು ನಿಜವೇ. ಆದರೆ ಇವಳಿಗೆ ತಾಯಿಯ ಹೆಸರೇ ಒಂದು ಮರೆಯಾಗಿ ಒದಗಿತ್ತು. ತಪ್ಪು ಸರಿಪಡಿಸಲು ಹೋದರೆ ಆ ಮರೆಯನ್ನು ನಾವೇ ಕಿತ್ತುಕೊಂಡ ಹಾಗೆ. ಸರಿಪಡಿಸದಿದ್ದರೆ ಅವಳ ಎದೆ ಎಷ್ಟು ಕೆಟ್ಟಿದೆ ಎಂದು ಯಾವ ಡಾಕ್ಟರಿಗೂ ತಿಳಿಯುವುದಿಲ್ಲ. ಬಸ್ಸಿನಲ್ಲಿ ಚಿಕ್ಕಬಳ್ಳಾಪುರದವರೆಗೂ ನನ್ನ ತಲೆಯಲ್ಲಿ ಇದೇ ಓಡುತ್ತಿತ್ತು. ಪಕ್ಕದಲ್ಲಿ ಕೂತ ಹೆಂಗಸು ಏನೋ ಕೇಳಿದರೆ ಸಿಡುಕಿದೆ, ಪಾಪ.

ಸಹೋದ್ಯೋಗಿಗೆ ಹೇಳಿದೆ. ಅವಳು ನಮ್ಮದೇ ತಂತ್ರಾಂಶದ ಹೊಸ ರೋಗಿಯ ಪುಟ ತೆಗೆದು ತೋರಿಸಿದಳು. ಮೊದಲ ಚೌಕವೇ ಹೆಸರು, ಪಕ್ಕದಲ್ಲಿ ಕೆಂಪು ಚುಕ್ಕೆ. ಅದನ್ನು ತುಂಬದೆ ಮುಂದಕ್ಕೆ ಹೋಗುವಂತಿರಲಿಲ್ಲ.

"ಇದನ್ನ ಇಟ್ಟಿದ್ದು ನಾವೇ ತಾನೇ?" ಎಂದಳು. "ನಾವೇ ತೆಗಿಯಣ."

ಡಾಕ್ಟರಿಗೆ ಫೋನ್ ಮಾಡಿದೆ. ಕ್ಲಿನಿಕ್ಕಿನಲ್ಲಿ ಇನ್ನು ಮುಂದೆ ಹೆಸರು ಬರೆಯುವುದೂ ಬೇಡ, ಕೂಗುವುದೂ ಬೇಡ. ಬಂದವರಿಗೆ ಒಂದು ನಂಬರಿನ ಚೀಟಿ, ನಂಬರ್ ಜೊತೆ ಎತ್ತರ ಮತ್ತು ಹುಟ್ಟಿದ ವರ್ಷ. ಎತ್ತರ ಹೊಂದದಿದ್ದರೆ ತಂತ್ರಾಂಶ ತಾನಾಗಿ ಏನನ್ನೂ ಸರಿಪಡಿಸುವುದಿಲ್ಲ, ನಿಲ್ಲಿಸಿ ನರ್ಸ್‌ಗೆ ಹೇಳುತ್ತದೆ. ನರ್ಸ್ ಬೈಯದೆ ಹೊಸ ನಂಬರ್ ಕೊಡುತ್ತಾರೆ. ಆಡಳಿತದವರು ಒಪ್ಪುತ್ತಾರೋ ಇಲ್ಲವೋ ಎಂದೆ. ಒಪ್ಪಿಸುವುದು ನನಗೆ ಬಿಡು ಎಂದರು ಡಾಕ್ಟರು. ಅವರು ಅಲ್ಲಿ ಏನೆಂದು ಜಗಳವಾಡಿದರೋ ನನಗೆ ಗೊತ್ತಿಲ್ಲ, ಒಪ್ಪಿಸಿದರು.

ಒಂದೊಂದೇ ಫೈಲನ್ನು ಎತ್ತರ, ತೂಕ, ಕೈಬರಹದ ಟಿಪ್ಪಣಿ ನೋಡಿ ಸೀಳಿದೆವು. ಎಷ್ಟೋ ಕಡೆ ತಂತ್ರಾಂಶ ಕೈಚೆಲ್ಲಿತು, ನಾವಿಬ್ಬರೇ ಕಣ್ಣಿನಿಂದ ನೋಡಿ ಬೇರೆ ಮಾಡಿದೆವು. ಸೀಳಿದ ಮೇಲೆ ಗೆರೆಗಳನ್ನು ಮತ್ತೆ ಬರೆಸಿದರೆ ಹಾರಿದ ಗೆರೆ ಒಂದೂ ಉಳಿಯಲಿಲ್ಲ. ಎಲ್ಲ ಇಳಿಜಾರು. ತಪ್ಪದೆ ಔಷಧಿ ತೆಗೆದುಕೊಂಡವರದು ಸ್ವಲ್ಪ ನಿಧಾನವಾಗಿ ಇಳಿದಿತ್ತು, ಅಷ್ಟೇ. ಡಾಕ್ಟರು ಅಷ್ಟನ್ನೇ ಬರೆದು ಟ್ರಸ್ಟಿಗೆ ಕೊಟ್ಟರು. ಕ್ಲಿನಿಕ್ಕನ್ನು ಮುಚ್ಚಲಿಲ್ಲ. ವಾರಕ್ಕೊಮ್ಮೆ ಇದ್ದದ್ದು ಹದಿನೈದು ದಿನಕ್ಕೊಮ್ಮೆ ಆಯಿತು. ಫ್ರೇಮ್ ಹಾಕಿಸಿದ್ದ ಚಿತ್ರ ಅವರ ಗೋಡೆಯಿಂದ ಕೆಳಗಿಳಿದಿತ್ತು.

ಹೊಸ ಪದ್ಧತಿಯ ಮೊದಲ ದಿನ ತಂತ್ರಾಂಶ ಕೈಕೊಟ್ಟೀತು ಎಂದು ನಾನೇ ಹೋಗಿ ನರ್ಸ್ ಪಕ್ಕದಲ್ಲಿ ಕೂತೆ. ಹುಡುಗಿ ಬಂದಳು. ನರ್ಸ್ ಫಿಲೇಚರ್‌ಗೆ ಎರಡು ಸಲ ಹೋಗಿ ಒಪ್ಪಿಸಿ ಬಂದಿದ್ದರು. ದುಪಟ್ಟಾವನ್ನು ಮೂಗಿನವರೆಗೂ ಎಳೆದುಕೊಂಡಿದ್ದಳು. ಯಾರೂ ಯಾವ ಹೆಸರನ್ನೂ ಕೂಗಲಿಲ್ಲ. ಅವಳ ನಂಬರ್ ಹೇಳಿದಾಗ ಒಂದು ಕ್ಷಣ ಅದು ತನ್ನದೆಂದು ತಿಳಿಯದೆ ಕೂತೇ ಇದ್ದು, ಆಮೇಲೆ ಎದ್ದಳು.

ಊದಿದಳು. ಕೆಮ್ಮಿದಳು, ನೀರು ಕುಡಿದಳು, ಮತ್ತೆ ಎರಡು ಸಲ ಊದಿದಳು. ಮೂರನೆಯ ಸಲ ಬಂದದ್ದೇ ದೊಡ್ಡದು, ಇನ್ನೂರ ಅರವತ್ತು. ನರ್ಸ್ ಬರೆದುಕೊಂಡು ಇನ್‌ಹೇಲರ್ ತರಲು ಒಳಗೆ ಹೋದರು. ಹುಡುಗಿ ನನ್ನ ಪರದೆಯ ಕಡೆ ನೋಡಿದಳು.

"ಅಮ್ಮಂದು ಐತಾ ಅಕ್ಕಾ ಇದ್ರಲ್ಲಿ?"

ತೋರಿಸಬೇಕೋ ಬೇಡವೋ ಎಂದು ಯೋಚಿಸಿದೆ. ಅವಳ ಅಮ್ಮ, ಅವಳಿಗಿಂತ ಹೆಚ್ಚು ಹಕ್ಕು ನನಗೇನಿದೆ? ತಾಯಿಯ ನಂಬರ್ ಹಾಕಿ ಪರದೆ ಅವಳ ಕಡೆಗೆ ತಿರುಗಿಸಿದೆ. ಎಡಗಡೆಯಿಂದ ಶುರುವಾದ ಗೆರೆ ಇಳಿಯುತ್ತಾ ಬಂದು ಒಂದು ಕಡೆ ನಿಂತಿತ್ತು. ಅವಳು ನೆನೆದು ಬಿಳಿಚಿದ ಬೆರಳನ್ನು ಗೆರೆಯ ಆರಂಭಕ್ಕೆ ಇಟ್ಟಳು.

"ಅಮ್ಮ ಮೊದ್ಲನೇ ಸತಿ ಬಂದಾಗ ಎಷ್ಟಿತ್ತು?"

ಅಂಕಿ ಅಲ್ಲೇ ಇತ್ತು. "ಇನ್ನೂರ ಅರವತ್ತು," ಎಂದೆ.

"ಆಗ ಅಮ್ಮಂಗೆ ವಯಸ್ಸೆಷ್ಟು?"

"ನಲವತ್ತನಾಲ್ಕು."

ಅವಳು ಬೆರಳನ್ನು ಗೆರೆಯುದ್ದಕ್ಕೂ ಎಳೆದುಕೊಂಡು ಹೋಗಿ, ಅದು ನಿಂತ ಕಡೆ ನಿಲ್ಲಿಸಿದಳು. ಪರದೆಯ ಮೇಲೆ ತೇವದ ಗುರುತು ಉಳಿಯಿತು.

"ನಿಂಗೆ ಹಾಗಾಗಲ್ಲಮ್ಮ," ಎಂದೆ. ನನ್ನ ಧ್ವನಿ ನನಗೇ ಸುಳ್ಳಾಗಿ ಕೇಳಿಸಿತು. "ಅಮ್ಮ ತುಂಬ ತಡವಾಗಿ ಬಂದ್ರು. ನೀನು ಬೇಗ ಬಂದಿದೀಯ. ತಪ್ಪದೆ ಔಷಧಿ ತಗೊಂಡ್ರೆ ನಿಧಾನ ಆಗುತ್ತೆ."

"ಹೂಂ ಅಕ್ಕಾ, ತಗೊಂತೀನಿ," ಎಂದು ನನ್ನನ್ನೇ ಸಮಾಧಾನ ಮಾಡುವವಳಂತೆ ಹೇಳಿದಳು. ನರ್ಸ್ ತಂದುಕೊಟ್ಟ ಇನ್‌ಹೇಲರನ್ನು ದುಪಟ್ಟಾದ ಒಳಗೆ ಮರೆಮಾಡಿಕೊಂಡು, ಅದು ಹೊರಗೆ ಕಾಣುವುದಿಲ್ಲ ತಾನೇ ಎಂದು ನನ್ನನ್ನು ಕೇಳಿ, ಬಾಗಿಲವರೆಗೆ ಹೋಗಿ ತಿರುಗಿದಳು.

"ಆದ್ರೆ ನಾನ್ ಕೂರೋದು ಅಮ್ಮ ಕೂರ್ತಿದ್ದ ಜಾಗದಲ್ಲೇ ಅಕ್ಕಾ. ಅದೇ ಬೇಸಿನ್ನು," ಎಂದಳು. ಮಧ್ಯಾಹ್ನದ ಗೂಡು ಆಗಲೇ ಬೇಯಲು ಹಾಕಿರುತ್ತಾರೆ, ತಡವಾದರೆ ಮಾಲೀಕರು ಬೇರೆಯವರನ್ನು ಕೂರಿಸುತ್ತಾರೆ ಎಂದು ಓಡುನಡಿಗೆಯಲ್ಲಿ ಹೊರಟಳು. ಗೇಟಿನ ಹತ್ತಿರ ಅವಳು ನಿಂತು ಉಸಿರು ತೆಗೆದುಕೊಂಡು ಮತ್ತೆ ನಡೆದದ್ದು ಕಿಟಕಿಯಿಂದ ನನಗೆ ಕಂಡಿತು.